ಲಡಿಯೋ ಕೋನೋ? ಮಗ್ಗದ ಊರಿಂದ ಒಂದು ತೆರಿಗೆ ಕಳ್ಳತನದ ಲೆಕ್ಕ

ಮೋಸ ಮಾಡಿದವನನ್ನ 'ಅವ ಫೋರ್ ಟ್ವೆಂಟಿ ಅದಾನ' ಅಂತೀವಲ್ಲ, ಆ ನಂಬರ್ ಬಂದದ್ದು 1860ರ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಿಂದ. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 318(4) ಆಗಿದೆ. ತೆರಿಗೆ ಕದ್ದವನಿಗೆ ಮಾತ್ರ ನಾವು ಈ ಹೆಸರು ಕೊಡೋದು ಕಡಿಮೆ. ನಷ್ಟ ಸರ್ಕಾರಕ್ಕೆ, ನಮಗೇನು ಅಂತೀವಿ. ರಬಕವಿ-ಬನಹಟ್ಟಿಯ ಕೈಮಗ್ಗದ ಮುಂದೆ ಕೂತು ನೋಡಿದ್ರೆ ಲೆಕ್ಕ ಬೇರೇನೇ ಇದೆ.

ಮೊದಲು ನಕ್ಷೆ ನೋಡೋಣ. 1948ರ ಮುಂಚೆ ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗ್ಲಿ ಸಂಸ್ಥಾನದ್ದು, ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಯದು. ಅಕ್ಕಪಕ್ಕದ ಊರುಗಳು, ನಾಲ್ಕು ಖಜಾನೆ! 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತ್ಯಕ್ಕೆ ಸೇರಿದವು, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. ನೆಲದ ಮೇಲಿನ ಗಡಿ ಅಳಿಸಿತು. ಮುಂದೆ ಹೊಸ ಗಡಿ ಬಿದ್ದದ್ದು ನೂಲಿನ ಮೇಲೆ.

ಅದು ಹೇಗೆ ಅಂದ್ರೆ, ಕೈಮಗ್ಗದ ನೇಕಾರ ಕೊಳ್ಳೋದು ಲಡಿ ನೂಲು. ಪವರ್‌ಲೂಮ್‌ಗೆ ಬೇಕಾದದ್ದು ಕೋನ್. ಕೈಮಗ್ಗಕ್ಕೆ ನೂಲು ಸಿಗಲಿ ಅಂತ 1974ರಲ್ಲಿ ಕೇಂದ್ರ ಸರ್ಕಾರ ಗಿರಣಿಗಳಿಗೆ ಒಂದು ಕಟ್ಟಳೆ ಹಾಕಿತು: ದೇಶದೊಳಗೆ ಮಾರೋ ನೂಲಿನಲ್ಲಿ ಒಂದು ಪಾಲು ಲಡಿಯಲ್ಲೇ ಇರಬೇಕು. ಬಹುಕಾಲ ಇದು ಅರ್ಧ ಪಾಲಾಗಿತ್ತು, 2003ರಲ್ಲಿ ಶೇ 40ಕ್ಕೆ ಇಳಿಯಿತು. ಹತ್ತಿಯ ಲಡಿ ನೂಲಿಗೆ ಸೆಂಟ್ರಲ್ ಎಕ್ಸೈಸ್ ಸುಂಕದ ವಿನಾಯಿತಿಯೂ ಇತ್ತು. ಕೋನಿಗೆ ಸುಂಕ.

ಕಳ್ಳದಾರಿ ಹುಟ್ಟಿದ್ದು ಇಲ್ಲೇ. ದೇಶದ ಹಲವು ಕಡೆ ಬಿಲ್ಲಿನಲ್ಲಿ 'ಲಡಿ' ಅಂತ ಬರೆದು ಕೋನ್ ಸಾಗಿಸೋ ದಂಧೆ ನಡೀತು. ಲಡಿಯನ್ನೇ ಕೊಂಡು ಕೋನಿಗೆ ಸುತ್ತಿ ಪವರ್‌ಲೂಮ್‌ಗೆ ಕೊಟ್ಟವರೂ ಇದ್ರು. ಸರ್ಕಾರಕ್ಕೂ ಇದರ ವಾಸನೆ ಬಡಿದಿತ್ತು. ಅದಕ್ಕೇ ನಿಯಮದಲ್ಲಿ ವಿನಾಯಿತಿ ನೇರ ಸುತ್ತಿನ ಲಡಿಗೆ ಮಾತ್ರ ಅಂತ ಬರೆದಿದ್ರು. ಅಡ್ಡಸುತ್ತಿನ ಲಡಿಯನ್ನ ಕೋನಿಗೆ ಏರಿಸೋದು ಸುಲಭ ನೋಡ್ರಿ.

ಈಗ ಹೇಳ್ರಿ, ಕಳಕೊಂಡವರು ಯಾರು? ಸುಂಕ ಹೋದದ್ದು ಖಜಾನೆಯಿಂದ, ನಿಜ. ಆದ್ರೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವನ ಪಾಲಿನ ನೂಲು ಪವರ್‌ಲೂಮ್‌ಗೆ ಹೋಯ್ತು. ಅದೇ ನೂಲಿನ ಅಗ್ಗದ ಬಟ್ಟೆ ಅವನ ಸೀರೆಯ ಎದುರಿಗೇ ಪೇಟೆಗೆ ಬಂತು. ಅವನ ಹೆಸರಿನ ರಿಯಾಯಿತಿ ಅವನಿಗೇ ಏಟು ಕೊಟ್ಟಿತು.

1985ರಲ್ಲಿ ಸಂಸತ್ತು ಇನ್ನೊಂದು ಬೇಲಿ ಹಾಕಿತು. ಅದು ಕೈಮಗ್ಗಕ್ಕೆ ಮೀಸಲು ಬಟ್ಟೆಗಳ ಕಾಯ್ದೆ. ಮೊದಲು 22 ಬಗೆಯ ಬಟ್ಟೆಗಳು ಪಟ್ಟಿಯಲ್ಲಿದ್ದವು. ಕಾಯ್ದೆ ಕೋರ್ಟ್ ಮೆಟ್ಟಿಲೇರಿತು. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಆದ್ರೆ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಪವರ್‌ಲೂಮ್ ಸೀರೆಗೆ 'ಕೈಮಗ್ಗ' ಅಂತ ಚೀಟಿ ಹಚ್ಚಿ ಮಾರೋದು ಇವತ್ತಿಗೂ ಇದೆ. ಅಲ್ಲಿ ಮೋಸ ಹೋಗೋದು ನಾವು, ಗಿರಾಕಿಗಳು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಹತ್ತಿ ನೂಲು ಲಡಿಯಿರಲಿ ಕೋನಿರಲಿ, ಶೇ 5. ಲಡಿ-ಕೋನಿನ ಆಟ ಮುಗೀತು, ಆದ್ರೆ ಕೈಮಗ್ಗದವನೂ ತೆರಿಗೆ ಕೊಟ್ಟೇ ನೂಲು ತರಬೇಕಾಯ್ತು. ಕಳ್ಳತನ ಈಗ ಮಾಲೇ ಇಲ್ಲದ ನಕಲಿ ಬಿಲ್ಲಿಗೆ ಬಂದಿದೆ. ಮೊತ್ತ 5 ಕೋಟಿ ದಾಟಿದ್ರೆ 5 ವರ್ಷದವರೆಗೂ ಜೈಲು.

ಇಷ್ಟರ ಮೇಲೆ ಒಂದು ಮಾತು. ಬಡವನಿಗೆ ಅಂತ ಕೊಟ್ಟ ರಿಯಾಯಿತಿ ಕದ್ದವನನ್ನ 'ಜಾಣ' ಅನ್ನಬ್ಯಾಡ್ರಿ. ಮುಂದಿನ ಸಲ ಕೈಮಗ್ಗದ ಸೀರೆ ಕೊಳ್ಳುವಾಗ ಹ್ಯಾಂಡ್‌ಲೂಮ್ ಮಾರ್ಕ್ ನೋಡ್ರಿ, ಬಿಲ್ ಕೇಳ್ರಿ. ಮತ್ತೆ ಸಿಗೋಣ.