ಹವೆ ಮತ್ತು ಮನಃಸ್ಥಿತಿ: ಮಳೆ, ಬೆಳಕು, ಸೆಕೆಗಳ ಪ್ರಭಾವ

ಮೋಡ ಕವಿದರೆ ಮನಸ್ಸು ಮುದುಡುತ್ತದೆ, ಬಿಸಿಲು ಬಿದ್ದರೆ ಅರಳುತ್ತದೆ ಎಂಬುದು ಎಲ್ಲರೂ ಒಪ್ಪುವ ಮಾತು. ಅಳೆದು ನೋಡಿದಾಗ ಮಾತ್ರ ಈ ಪರಿಣಾಮ ಜನ ಭಾವಿಸಿದ್ದಕ್ಕಿಂತ ಬಹಳ ಚಿಕ್ಕದು. 1983ರಲ್ಲಿ ನಾರ್ಬರ್ಟ್ ಶ್ವಾರ್ಟ್ಸ್ ಮತ್ತು ಜೆರಾಲ್ಡ್ ಕ್ಲೋರ್ ಪ್ರಕಟಿಸಿದ ಪ್ರಯೋಗದಲ್ಲಿ, ಬಿಸಿಲಿನ ದಿನ ದೂರವಾಣಿಯಲ್ಲಿ ಮಾತಿಗೆ ಸಿಕ್ಕವರು ಮಳೆಯ ದಿನ ಸಿಕ್ಕವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿ ತೋರಿದರು. ಆದರೆ ನಿಮ್ಮಲ್ಲಿ ಹವೆ ಹೇಗಿದೆ ಎಂದು ಮೊದಲೇ ವಿಚಾರಿಸಿದಾಗ ಆ ವ್ಯತ್ಯಾಸ ಅಳಿಸಿಹೋಯಿತು. ಬೇಸರಕ್ಕೆ ಕಾರಣ ಮಳೆ ಎಂದು ಹೊಳೆದೊಡನೆ ಜನ ಅದನ್ನು ಬದುಕಿನ ಲೆಕ್ಕಕ್ಕೆ ಹಿಡಿಯಲಿಲ್ಲ. ಸೊಗಸಾದ ಪ್ರಯೋಗವೇನೋ ಹೌದು, ಆದರೆ ಅದರಲ್ಲಿ ಪಾಲ್ಗೊಂಡವರು ಕೆಲವೇ ಮಂದಿ. ರಿಚರ್ಡ್ ಲ್ಯೂಕಸ್ ಮತ್ತು ನಿಕೋಲ್ ಲಾಲೆಸ್ 2013ರಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಅಮೆರಿಕನ್ನರ ಉತ್ತರಗಳನ್ನು ಆಯಾ ದಿನದ ಹವೆಯೊಡನೆ ತಾಳೆ ನೋಡಿದಾಗ, ಬದುಕಿನ ತೃಪ್ತಿಗೂ ಹವೆಗೂ ನೆಚ್ಚಬಹುದಾದ ನಂಟು ಕಾಣಲಿಲ್ಲ.

ಹಾಗೆಂದು ಹವೆ ಯಾರನ್ನೂ ತಟ್ಟುವುದಿಲ್ಲ ಎನ್ನಲಾಗದು. ನೆದರ್ಲೆಂಡ್ಸಿನ ಹದಿಹರೆಯದವರು ಮತ್ತು ಅವರ ತಾಯಂದಿರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವು ಬೇಸಿಗೆ ಒಗ್ಗುವವರು, ಬೇಸಿಗೆ ಒಗ್ಗದವರು, ಮಳೆ ಸಹಿಸದವರು, ಯಾವುದಕ್ಕೂ ಜಗ್ಗದವರು ಎಂಬ ನಾಲ್ಕು ಬಗೆಯವರನ್ನು ಗುರುತಿಸಿತು. ಇವರೆಲ್ಲರನ್ನೂ ಕೂಡಿಸಿ ಸರಾಸರಿ ತೆಗೆದರೆ ಒಬ್ಬರ ಏರು ಇನ್ನೊಬ್ಬರ ಇಳಿತದಲ್ಲಿ ಮುಚ್ಚಿಹೋಗುತ್ತದೆ.

ದಿನದ ಹವೆಗಿಂತ ಗಟ್ಟಿಯಾದ ಸಾಕ್ಷ್ಯ ಇರುವುದು ಋತುವಿನ ಬೆಳಕಿನ ಬಗ್ಗೆ. ದಕ್ಷಿಣ ಆಫ್ರಿಕಾದಿಂದ ಅಮೆರಿಕಕ್ಕೆ ಬಂದ ಮನೋವೈದ್ಯ ನಾರ್ಮನ್ ರೋಸೆಂತಾಲ್, ಪ್ರತಿ ಚಳಿಗಾಲದಲ್ಲೂ ಮರುಕಳಿಸಿ ವಸಂತದಲ್ಲಿ ತಾನಾಗಿ ಇಳಿಯುವ ಖಿನ್ನತೆಯನ್ನು 1984ರಲ್ಲಿ ಸಹೋದ್ಯೋಗಿಗಳೊಡನೆ ವಿವರಿಸಿದರು. ವಿಪರೀತ ನಿದ್ದೆ, ಸಿಹಿ ಮತ್ತು ಪಿಷ್ಟದ ತಿನಿಸುಗಳ ಹಂಬಲ, ತೂಕದ ಏರಿಕೆ ಅದರ ಗುರುತುಗಳು. ಕಣ್ಣಿನ ಅಕ್ಷಿಪಟಲದ ಕೆಲವು ಕೋಶಗಳು ನೋಟಕ್ಕಿಂತ ಹೆಚ್ಚಾಗಿ ಬೆಳಕಿನ ಪ್ರಮಾಣವನ್ನು ಮಿದುಳಿನ ಜೈವಿಕ ಗಡಿಯಾರಕ್ಕೆ ತಿಳಿಸುತ್ತವೆ. ಬೆಳಕು ಕಡಿಮೆಯಾದರೆ ನಿದ್ದೆ, ಎಚ್ಚರ ಮತ್ತು ಮೆಲಟೋನಿನ್ ಎಂಬ ಹಾರ್ಮೋನಿನ ಸ್ರಾವದ ಲಯ ಜಾರುತ್ತದೆ. ಬೆಳಗ್ಗೆ ಅರ್ಧ ಗಂಟೆ 10,000 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಪ್ರಮಾಣದ ಮಾನ) ದೀಪದ ಮುಂದೆ ಕೂರಿಸುವ ಚಿಕಿತ್ಸೆ ಈ ತಿಳಿವನ್ನೇ ಆಧರಿಸಿದೆ. ಆದರೂ ಅಕ್ಷಾಂಶವೊಂದೇ ಎಲ್ಲವನ್ನೂ ವಿವರಿಸದು. ಚಳಿಗಾಲದ ಹಗಲು ತೀರ ಕಿರಿದಾದ ಐಸ್‌ಲ್ಯಾಂಡಿನಲ್ಲಿ ಈ ಕಾಯಿಲೆ ಅಮೆರಿಕದ ಪೂರ್ವ ತೀರಕ್ಕಿಂತ ಕಡಿಮೆ ಎಂದು 1990ರ ದಶಕದ ಅಧ್ಯಯನಗಳು ತೋರಿಸಿದವು.

ಸೆಕೆಯ ಪ್ರಭಾವ ಬೇರೆ ತೆರನದು. ಅಮೆರಿಕದ ಫೀನಿಕ್ಸ್ ನಗರದಲ್ಲಿ ನಡೆದು 1986ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಹಸಿರು ದೀಪ ಬಿದ್ದರೂ ಕದಲದೆ ಕಾರೊಂದನ್ನು ನಿಲ್ಲಿಸಿಕೊಂಡು ಹಿಂದಿನವರ ಹಾರ್ನ್‌ಗಳನ್ನು ಲೆಕ್ಕ ಹಾಕಲಾಯಿತು. ತಾಪ ಏರಿದಂತೆ ಹಾರ್ನ್ ಹೆಚ್ಚಿತು, ಅದರಲ್ಲೂ ಕಿಟಕಿ ಇಳಿಸಿಕೊಂಡಿದ್ದ ವಾಹನಗಳಿಂದ. ಬಿಸಿ ರಾತ್ರಿಗಳು ನಿದ್ದೆಗೆಡಿಸುತ್ತವೆ. ನಿದ್ದೆಗೆಟ್ಟವರಿಗೆ ಮರುದಿನ ಸಿಡುಕು ಬೇಗ.

ಈ ತಿಳಿವಳಿಕೆಯ ಬಹುಪಾಲು ಯುರೋಪ್ ಮತ್ತು ಅಮೆರಿಕದ್ದು. ಅದನ್ನು ಕರ್ನಾಟಕಕ್ಕೆ ಹಾಗೆಯೇ ಅನ್ವಯಿಸುವುದು ತಪ್ಪಾಗುತ್ತದೆ. ಬೆಂಗಳೂರಿನ ಅತಿ ದೀರ್ಘ ಹಗಲಿಗೂ ಅತಿ ಕಿರಿದಾದ ಹಗಲಿಗೂ ಅಂತರ ಸುಮಾರು ಒಂದೂವರೆ ಗಂಟೆ; ಲಂಡನ್ನಿನಲ್ಲಿ ಅದು ಎಂಟು ಗಂಟೆ ಮೀರುತ್ತದೆ. ಇಲ್ಲಿ ಬೆಳಕು ಕುಗ್ಗುವುದು ಚಳಿಗಾಲದಲ್ಲಲ್ಲ, ಮುಂಗಾರಿನಲ್ಲಿ. ಆಷಾಢದ ಜಡಿಮಳೆಯಲ್ಲೂ ಮಧ್ಯಾಹ್ನದ ಬಯಲಿನಲ್ಲಿ ಸಾವಿರಾರು ಲಕ್ಸ್ ಬೆಳಕಿರಬಹುದು. ಆದರೆ ಇರಚಲು ತಡೆಯಲು ಜಗಲಿಗೆ ಸೋಗೆಯ ತಟ್ಟಿ ಕಟ್ಟಿದ, ತಗ್ಗು ಮಾಡಿನ ಮಲೆನಾಡಿನ ಹಳೆಯ ಮನೆಯ ನಡುಮನೆಯಲ್ಲಿ ಅದು ನೂರನ್ನು ಮುಟ್ಟುವುದೂ ಕಷ್ಟ. ರಾಯಚೂರು, ಕಲಬುರಗಿ ಸೀಮೆಯ ಪ್ರಶ್ನೆ ಬೆಳಕಿನದಲ್ಲ, 40 ಡಿಗ್ರಿ ದಾಟುವ ಬೇಸಿಗೆಯದು ಮತ್ತು ರಾತ್ರಿಯೂ ತಣಿಯದ ಗೋಡೆಗಳದು. ಆದ್ದರಿಂದ ಇಲ್ಲಿ ಅಧ್ಯಯನ ಕೈಗೊಳ್ಳುವವರು ಹವಾಮಾನ ಕೇಂದ್ರದ ಅಂಕಿಅಂಶಗಳನ್ನಷ್ಟೇ ನೆಚ್ಚದೆ, ಜನ ಕೂರುವ ಮತ್ತು ಮಲಗುವ ಕೋಣೆಗಳಲ್ಲೇ ಬೆಳಕು, ತಾಪಗಳನ್ನು ಅಳೆಯಬೇಕು.