ಘಟ್ಟದ ಹಾದಿಯೂ ಇರುಳಿನ ಬೀಡೂ

ಬನವಾಸಿಯೆಂದೊಡನೆ ವಾಚಕರ ಮನಸ್ಸಿನಲ್ಲಿ ಮೂಡುವದು ಕದಂಬರ ರಾಜಧಾನಿ, ಮಧುಕೇಶ್ವರನ ದೇವಾಲಯ, ಊರನ್ನು ಮೂರು ಮಗ್ಗುಲಿನಿಂದ ಬಳಸಿ ಹರಿಯುವ ವರದಾ ನದಿ. ನಾಲ್ಕನೆಯ ಶತಮಾನದಲ್ಲಿ ಮಯೂರಶರ್ಮನು ರಾಜ್ಯವನ್ನು ಕಟ್ಟಿದ ವೃತ್ತಾಂತವನ್ನೂ, ಮುಂದೆ ಬನವಾಸಿ ಪನ್ನಿರ್ಚ್ಛಾಸಿರವನ್ನು ಆಳಿದ ಮಾಂಡಲಿಕರ ವೃತ್ತಾಂತವನ್ನೂ ಇತಿಹಾಸಜ್ಞರು ಬೇಕಾದಷ್ಟು ವಿಸ್ತರಿಸಿ ಬರೆದಿದ್ದಾರೆ. ಆದರೆ ಅರಸುಮನೆತನಗಳಿಗೆ ಇರುವಂತೆ ಹಾದಿಗಳಿಗೂ ಒಂದು ಇತಿಹಾಸವಿರುತ್ತದೆ. ಎರಡನೆಯ ಶತಮಾನದ ಭೂಗೋಲಜ್ಞನಾದ ಟಾಲೆಮಿಯು ತನ್ನ ಗ್ರಂಥದಲ್ಲಿ ಬನವಾಸಿಯನ್ನು ಹೆಸರಿಸಿದ್ದಾನೆ. ಆ ಹೆಸರನ್ನು ಕಡಲಿನಾಚೆಗೆ ಮುಟ್ಟಿಸಿದವರು ಶಾಸನಗಳಲ್ಲಿ ಹೆಸರು ಕೆತ್ತಿಸಿಕೊಂಡವರಾಗಿರಲಿಕ್ಕಿಲ್ಲ; ಸರಕು ಹೊತ್ತು ಘಟ್ಟವಿಳಿದವರೇ ಆಗಿರಬೇಕು. ಅಂಥವರು ಹೇಗೆ ನಡೆದರು, ಇರುಳನ್ನು ಎಲ್ಲಿ ಕಳೆದರು, ಹೊಸಬನಿಗೆ ಆ ನಡಿಗೆಯನ್ನು ಯಾರು ಕಲಿಸಿದರು ಎಂಬದೇ ಇಲ್ಲಿಯ ವಿಷಯ.

ಈ ವಿಷಯದ ವಿಚಾರವು ಇಂದಿಗೆ ನಿಷ್ಪ್ರಯೋಜಕವಾದುದಲ್ಲ. ರಜೆಯ ದಿನಗಳಲ್ಲಿ ಪಟ್ಟಣದ ತರುಣ ತರುಣಿಯರು ಬೆನ್ನಿಗೆ ಚೀಲ ಬಿಗಿದುಕೊಂಡು, ಹಿಂದೆಂದೂ ಬೆಟ್ಟವೇರದ ಗೆಳೆಯರನ್ನು ಸಂಗಡ ಕರೆದುಕೊಂಡು, ಮಲೆಯಲ್ಲಿ ಒಂದಿರುಳು ಕಳೆದು ಬರುವ ರೂಢಿಯು ಬೆಳೆಯುತ್ತಲಿದೆ. ಇದಕ್ಕೆ ಚಾರಣವೆಂಬ ಹೆಸರು ಬಂದಿದೆ. ಇದು ಪರದೇಶದಿಂದ ಬಂದ ಹವ್ಯಾಸವೆಂದು ಅನೇಕರು ತಿಳಿದಿರುತ್ತಾರೆ. ಹವ್ಯಾಸವು ಹೊಸದಿರಬಹುದು, ಆದರೆ ವಿದ್ಯೆಯು ಹಳೆಯದು. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಹೊರೆ ಹೊತ್ತು ನಡೆದು ಕಾಡಿನಲ್ಲಿ ರಾತ್ರಿ ತಂಗುವದು ಶತಮಾನಗಳ ತನಕ ಜೀವನೋಪಾಯದ ಒಂದು ಅಂಗವಾಗಿದ್ದಿತು.

ಈ ಸೀಮೆಯ ಭೂರಚನೆಯನ್ನು ನೋಡಿದರೆ ಇದರ ಕಾರಣವು ತಾನೇ ಸ್ಪಷ್ಟವಾಗುವದು. ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳು, ಕೆಳಗೆ ಅಂಕೋಲೆ, ಕುಮಟೆ, ಹೊನ್ನಾವರಗಳು, ನಡುವೆ ಸಹ್ಯಾದ್ರಿ. ಇಲ್ಲಿಯ ಘಟ್ಟವು ಎತ್ತರದಲ್ಲಿ ಕೊಡಗಿನ ಬೆಟ್ಟಗಳಿಗೆ ಸಮನಲ್ಲ. ಆದರೆ ಬೇಡ್ತಿ, ಅಘನಾಶಿನಿ, ಶರಾವತಿ ನದಿಗಳು ಅದನ್ನು ಆಳವಾಗಿ ಸೀಳಿರುವದರಿಂದ ಇಳಿಜಾರು ಕಡಿದು, ಕಾಡು ದಟ್ಟ, ಮಳೆ ವಿಪರೀತ. ಯಲ್ಲಾಪುರದವರಿಗೆ ಅರಬೈಲು ಘಟ್ಟ, ಶಿರಸಿಯವರಿಗೆ ದೇವಿಮನೆ ಘಟ್ಟ, ಸಿದ್ದಾಪುರದ ಕಡೆಯವರಿಗೆ ನೀಲಕುಂದ ಘಟ್ಟ, ಅದರ ದಕ್ಷಿಣಕ್ಕೆ ಗೇರುಸೊಪ್ಪೆಯ ಘಟ್ಟ, ಹೀಗೆ ಒಂದೊಂದು ಭಾಗಕ್ಕೆ ಒಂದೊಂದು ಬಾಗಿಲು. ಶಿರಸಿಯಿಂದ ಕುಮಟೆಗೆ ಸುಮಾರು 60 ಕಿಲೋಮೀಟರು. ಹೊರೆ ಹೊತ್ತ ಮನುಷ್ಯನಾಗಲಿ ಎತ್ತಾಗಲಿ ಇದನ್ನು ಒಂದೇ ಹಗಲಿನಲ್ಲಿ ದಾಟುವದು ಆಗದ ಮಾತು. ಆದುದರಿಂದ ನಡುವೆ ಇರುಳಿನ ಬೀಡು ಅನಿವಾರ್ಯವಾಗುತ್ತಿದ್ದಿತು.

ಈ ಹಾದಿಗಳಲ್ಲಿ ಕೆಳಗಿಳಿಯುತ್ತಿದ್ದ ಸರಕು ಅಡಿಕೆ, ಮೆಣಸು, ಏಲಕ್ಕಿ, ಅಕ್ಕಿ. ಮೇಲಕ್ಕೆ ಬರುತ್ತಿದ್ದುದು ಸಾಣಿಕಟ್ಟೆಯಂಥ ಆಗರಗಳ ಉಪ್ಪು, ತೆಂಗಿನಕಾಯಿ, ಒಣಮೀನು. ಸಾಗಿಸುವವರಲ್ಲಿ ಮುಖ್ಯರಾದವರು ಲಂಬಾಣಿಗರು. ಅವರ ಹೇರೆತ್ತುಗಳು ಸಾಲುಹಿಡಿದು ನಡೆಯುತ್ತಿದ್ದವು. ಮುಂದಿನ ಎತ್ತಿನ ಕೊರಳಿಗೆ ಗಂಟೆ. ಮಂಜಿನಲ್ಲಾಗಲಿ ಕತ್ತಲೆಯಲ್ಲಾಗಲಿ ಅದರ ನಾದವೇ ಹಿಂದಿನವುಗಳಿಗೆ ದಾರಿ. ದಿನಕ್ಕೆ ಹತ್ತು ಮೈಲು ನಡೆದರೆ ಹೆಚ್ಚು. ಸಂಜೆಗೆ ನೀರೂ ಮೇವೂ ಇರುವ ಬಯಲನ್ನು ಸೇರಿ, ಹೇರುಗಳನ್ನು ಇಳಿಸಿ, ಚೀಲಗಳನ್ನೇ ಸುತ್ತಲೂ ಗೋಡೆಯಂತೆ ಒಟ್ಟಿ, ನಡುವೆ ಎತ್ತುಗಳನ್ನು ಕಟ್ಟಿ, ರಾತ್ರಿಯೆಲ್ಲ ಬೆಂಕಿಯನ್ನು ಆರಗೊಡದೆ ಸರದಿಯ ಮೇಲೆ ಎಚ್ಚರವಿರುತ್ತಿದ್ದರು. ನಡಿಗೆಯ ವೇಗವನ್ನು ಬಲವಾದ ಎತ್ತು ಗೊತ್ತುಮಾಡುತ್ತಿರಲಿಲ್ಲ, ಬಡ ಎತ್ತು ಗೊತ್ತುಮಾಡುತ್ತಿದ್ದಿತು. ಬೀಡು ಬಿಡುವ ಹೊತ್ತನ್ನು ನಡೆಯುವವನ ಉತ್ಸಾಹವಲ್ಲ, ನೀರಿನ ನೆಲೆಯು ನಿರ್ಣಯಿಸುತ್ತಿದ್ದಿತು. ಮಲೆಯ ಪಯಣದ ಈ ಎರಡು ಸೂತ್ರಗಳನ್ನು ಯಾವ ಶಾಸ್ತ್ರವೂ ಬರೆದಿಡಲಿಲ್ಲ. ಹಿರಿಯರ ಹಿಂದೆ ನಡೆದ ಕಿರಿಯರು ತಾವಾಗಿ ಇವನ್ನು ಕಲಿತರು.

ಸರಕು ಹೊರದವರೂ ಈ ಹಾದಿಗಳಲ್ಲಿ ನಡೆದರು. ಗೋಕರ್ಣದ ಶಿವರಾತ್ರಿಗೆ, ಯಾಣದ ಭೈರವೇಶ್ವರನ ಸನ್ನಿಧಿಗೆ, ಸೋಂದೆಯ ಮಠಗಳಿಗೆ, ಶಿರಸಿಯ ಮಾರಿಕಾಂಬೆಯ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಜನರು ಮೇಳಗೂಡಿ ಹೊರಡುತ್ತಿದ್ದರು. ಬುತ್ತಿಯ ಗಂಟಿನಲ್ಲಿ ಅವಲಕ್ಕಿ ಬೆಲ್ಲ, ತಲೆಯ ಮೇಲೆ ಕಂಬಳಿಯ ಕೊಪ್ಪೆ, ಕತ್ತಲಾದರೆ ಕೈಯಲ್ಲಿ ಸೂಡಿಯ ಬೆಳಕು, ಉಂಬಳಗಳ ಕಾಟಕ್ಕೆ ಸುಣ್ಣ ಮತ್ತು ಹೊಗೆಸೊಪ್ಪು. ಇದಕ್ಕಿಂತ ಹೆಚ್ಚಿನ ಸಲಕರಣೆಯಿರಲಿಲ್ಲ. ಇರುಳಿಗೆ ಗುಡಿಯ ಜಗಲಿ ಇಲ್ಲವೆ ತೋಟದ ಮನೆಯ ಹೆಬ್ಬಾಗಿಲು. ಇಂಥ ಮೇಳಗಳಲ್ಲಿ ಮುದುಕರಿದ್ದರು, ಮಕ್ಕಳಿದ್ದರು. ಮೊದಲ ಸಲ ಘಟ್ಟವಿಳಿಯುವವನು ಹತ್ತು ಸಲ ಇಳಿದವರ ನಡುವೆ ಇರುತ್ತಿದ್ದುದರಿಂದ ಅವನಿಗೆ ಭಯವು ಕಡಿಮೆ, ಅವನಿಂದ ಪ್ರಮಾದವೂ ಕಡಿಮೆ.

ಈ ಹಾದಿಗಳಿಗೆ ಹೊಸಬರಾಗಿ ಬಂದ ಪರದೇಶೀಯರಲ್ಲಿ ಇಬ್ಬರ ಬರವಣಿಗೆಯು ಉಳಿದುಬಂದಿದೆ. ಮೊದಲನೆಯವನು ರೋಮಿನ ಕುಲೀನನಾದ ಪಿಯೆತ್ರೊ ದೆಲ್ಲಾ ವಾಲ್ಲೆ. ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಪೋರ್ತುಗೀಜರು 1623ರಲ್ಲಿ ರಾಯಭಾರಿಯನ್ನು ಕಳಿಸಿದಾಗ ಇವನೂ ಆ ಪರಿವಾರದಲ್ಲಿ ಸೇರಿಕೊಂಡನು. ಗೋವೆಯಿಂದ ಹೊನ್ನಾವರಕ್ಕೆ ಕಡಲ ಮೇಲೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಯನ್ನು ಮುಟ್ಟಿ, ಅಲ್ಲಿಂದ ಅವರು ಘಟ್ಟವನ್ನು ಹತ್ತಿದರು. ಮೆಣಸಿನ ರಾಣಿಯೆಂದು ಪೋರ್ತುಗೀಜರು ಕರೆಯುತ್ತಿದ್ದ ಅರಸಿಯ ಆ ಪಟ್ಟಣವು ಆಗಲೇ ಹಾಳುಬಿದ್ದಿದ್ದಿತು. ನಾಯಕನ ಕಡೆಯ ರಾಯಭಾರಿಯಾಗಿ ಗೋವೆಗೆ ಹೋಗಿದ್ದ ವಿಠಲ ಶೆಣೈ ಎಂಬವನು ಅವರ ಸಂಗಡ ಮರಳಿ ಬರುತ್ತಿದ್ದನು. ಹೀಗೆ ಈ ಪರದೇಶೀಯರ ಮೇಳದಲ್ಲಿಯೂ ನಾಡನ್ನು ಬಲ್ಲವನೊಬ್ಬನು ಇದ್ದೇ ಇದ್ದನು.

ಆ ಪಯಣದ ಒಂದು ಪ್ರಸಂಗವು ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ನವೆಂಬರದ ಒಂದು ದಿನ ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ, ಹೊರೆಗಳು ಸಿದ್ಧವಾಗುವ ತನಕ ಹೊತ್ತು ಕಳೆಯುತ್ತಿದ್ದ ದೆಲ್ಲಾ ವಾಲ್ಲೆಯು ನಾಲ್ವರು ಹುಡುಗರು ಲೆಕ್ಕ ಕಲಿಯುವದನ್ನು ಕಂಡನು. ಅವರು ನೆಲದ ಮೇಲೆ ಸಣ್ಣ ಮರಳನ್ನು ಹರಡಿ, ಪಾಠವನ್ನು ರಾಗವಾಗಿ ಒಟ್ಟಿಗೆ ಹೇಳುತ್ತ, ಬೆರಳಿನಿಂದ ಅಂಕೆಗಳನ್ನು ಬರೆಯುತ್ತಿದ್ದರು. ಗುರುವು ಅಲ್ಲಿರಲಿಲ್ಲ. ತಪ್ಪಿದರೆ ತಿದ್ದುವವರು ಯಾರೆಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಂದೇ ಕಡೆಯಲ್ಲಿ ಒಟ್ಟಿಗೆ ತಪ್ಪುವದು ಸಾಧ್ಯವಿಲ್ಲವೆಂಬ ಅಭಿಪ್ರಾಯದ ಉತ್ತರವು ಬಂದಿತು. ಒಬ್ಬನು ಮರೆತದ್ದು ಇನ್ನೊಬ್ಬನ ನೆನಪಿನಲ್ಲಿ ಇದ್ದೇ ಇರುವದೆಂಬ ಭರವಸೆ ಅವರದು. ದೆಲ್ಲಾ ವಾಲ್ಲೆಯು ಈ ಪದ್ಧತಿಯನ್ನು ಮೆಚ್ಚಿಕೊಂಡನು. ಶಿಕ್ಷಣದ ಇತಿಹಾಸಕಾರರು ಈ ಪ್ರಸಂಗವನ್ನು ನಮ್ಮ ಹಳೆಯ ಮಠಗಳ ಓದಿನ ದೃಷ್ಟಾಂತವಾಗಿ ಎತ್ತಿಕೊಳ್ಳುತ್ತಾರೆ. ಆದರೆ ಅದು ಹಾದಿಯ ದೃಷ್ಟಾಂತವೂ ಆಗಬಲ್ಲದು. ಕವಲುದಾರಿಯಲ್ಲಿ ಒಬ್ಬನು ಎಡವಿದರೆ ಇನ್ನೊಬ್ಬನು ಬಲ್ಲನು. ಒಬ್ಬನಿಗೆ ನೀರಿನ ನೆಲೆ ಮರೆತರೆ ಇನ್ನೊಬ್ಬನಿಗೆ ನೆನಪಿದೆ. ಮೇಳವೇ ಗುರು.

ಎರಡನೆಯವನು ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ. ಟೀಪುವಿನ ಪತನದ ನಂತರ ಗವರ್ನರ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಇವನು 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಮಲಬಾರ, ಕನ್ನಡ ಸೀಮೆಗಳನ್ನು ಸುತ್ತಿದನು. ಅವನ ಗ್ರಂಥವು 1807ರಲ್ಲಿ ಅಚ್ಚಾಯಿತು. 1801ರ ಬೇಸಿಗೆಯ ಮೊದಲಿನಲ್ಲಿ ಕರಾವಳಿಯಿಂದ ಘಟ್ಟವನ್ನೇರಿ ಯಲ್ಲಾಪುರ, ಸೋಂದೆ, ಶಿರಸಿ, ಬನವಾಸಿಗಳ ಮೇಲಿನಿಂದ ಅವನು ಇಕ್ಕೇರಿಯ ಕಡೆಗೆ ನಡೆದನು. ಒಂದೊಂದು ದಿನಕ್ಕೆ ಒಂದೊಂದು ಚಿಕ್ಕ ಮಜಲು. ಬೀಡುಬಿಟ್ಟಲ್ಲಿ ಊರವರನ್ನು ಕರೆಸಿ ಬೆಳೆ, ಮಣ್ಣು, ಕಂದಾಯ, ಕಾಡು ಇವುಗಳ ವಿಚಾರಣೆ. ಅವನ ಗ್ರಂಥದಲ್ಲಿ ಇಂದಿಗೂ ಬೆಲೆಯುಳ್ಳ ಭಾಗವು ಹೀಗೆ ಹಾದಿಯ ಮಗ್ಗುಲಿನ ರೈತರಿಂದ ಅವನು ಕೇಳಿ ಬರೆದುಕೊಂಡ ಭಾಗವೇ ಆಗಿದೆ.

ಕಾಡಿನ ಇರುಳಿನಲ್ಲಿ ಎಲ್ಲರಿಗೂ ಇದ್ದ ಭಯವು ಹುಲಿಯದಕ್ಕಿಂತ ಜ್ವರದ್ದು ಹೆಚ್ಚು. ಘಟ್ಟದ ಮೇಲಿನ ತಾಲೂಕುಗಳು ಮಲೇರಿಯಾಕ್ಕೆ ಕುಪ್ರಸಿದ್ಧವಾಗಿದ್ದವು. ಯಾವ ತಿಂಗಳಲ್ಲಿ ಯಾವ ಕಣಿವೆಯಲ್ಲಿ ಮಲಗಬಾರದೆಂಬದನ್ನು ಬಲ್ಲವನೇ ಒಳ್ಳೆಯ ಒಡನಾಡಿ. 1946ರಲ್ಲಿ ಮುಂಬಯಿ ಪ್ರಾಂತದ ಸರಕಾರವು ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಡಿ.ಡಿ.ಟಿ. ಸಿಂಪಡಿಸಲು ಆರಂಭಿಸಿದ ಮೇಲೆ ಈ ಭಯವು ಕ್ರಮೇಣ ಇಳಿಯಿತು.

ಅಷ್ಟರಲ್ಲಿ ಹಾದಿಗಳೇ ಬದಲಾಗಿದ್ದವು. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಧಾರವಾಡದ ಬಯಲುಸೀಮೆಯ ಹತ್ತಿಯು ಕುಮಟೆಯ ಬಂದರಕ್ಕೆ ಇಳಿಯತೊಡಗಿತು. ಪೇಟೆಯಲ್ಲಿ ಆ ಹತ್ತಿಗೆ ಕುಮಟೆಯ ಹೆಸರೇ ನಿಂತಿತು. 1861ರಲ್ಲಿ ಅಮೇರಿಕದ ಅಂತರ್ಯುದ್ಧವು ಮೊದಲಾಗಿ ಅಲ್ಲಿಯ ಹತ್ತಿಯು ನಿಂತಾಗ ಇಲ್ಲಿಯ ಹತ್ತಿಗೆ ಬೇಡಿಕೆ ಏರಿತು. ಮರುವರ್ಷ, ಅಂದರೆ 1862ರಲ್ಲಿ, ಉತ್ತರ ಕನ್ನಡವು ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಗಾಡಿಯ ರಸ್ತೆಗಳು ಘಟ್ಟವನ್ನು ಸುತ್ತಿ ಇಳಿದವು. 1880ರ ದಶಕದಲ್ಲಿ ರೈಲು ಬಂದು ಹತ್ತಿಯನ್ನು ಮಾರ್ಮಗೋವೆಯ ಕಡೆಗೆ ಸೆಳೆಯಿತು; ಮುಂದೆ ಮೋಟಾರುಗಳು ಬಂದವು. ಎರಡು ದಿನದ ಪಯಣವು ಎರಡು ತಾಸಿನದಾಯಿತು. ಇದು ಲಾಭವೇ, ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ಘಟ್ಟವಿಳಿದ ಜನರು ರಸ್ತೆಯನ್ನು ಹಳಿಯಲಾರರು. ಆದರೆ ಬೀಡಿನ ಬಯಲುಗಳನ್ನು ಮುಳ್ಳು ಮುಚ್ಚಿತು, ಅವುಗಳ ನೀರಿನ ನೆಲೆಗಳ ನೆನಪು ಮಾಸಿತು, ಹಿರಿಯನ ಹಿಂದೆ ಕಿರಿಯನು ನಡೆಯುವ ಪ್ರಸಂಗವೇ ಅಪರೂಪವಾಯಿತು.

ಹೆಸರುಗಳಿಗೂ ಇದೇ ಗತಿಯಾಯಿತು. ಸಿದ್ದಾಪುರ ತಾಲೂಕಿನಲ್ಲಿ ಅಘನಾಶಿನಿಯು 116 ಮೀಟರು ಕೆಳಗೆ ಧುಮುಕುವ ಉಂಚಳ್ಳಿಯ ಜಲಪಾತವನ್ನು ಕಲೆಕ್ಟರನಾದ ಲಷಿಂಗ್ಟನ್ ಎಂಬವನು 1845ರಲ್ಲಿ ಕಂಡುಹಿಡಿದನೆಂದು ಹೇಳುವ ವಾಡಿಕೆಯಿದೆ. ಅವನ ಹೆಸರೂ ಅದಕ್ಕೆ ಅಂಟಿತು. ಆದರೆ ಸಪ್ಪಳದಿಂದ ಕಿವಿ ಕೆಪ್ಪಾಗುವದೆಂದು ಅದನ್ನು ಕೆಪ್ಪ ಜೋಗವೆಂದು ಕರೆದ ಜನರು ಅದರ ಬಳಿಗೆ ಹೋಗಿ ಕೇಳಿದ್ದರೆಂಬದರಲ್ಲಿ ಸಂಶಯವೇನಿದೆ?

ಸ್ವಾತಂತ್ರ್ಯಾನಂತರ ಮಲೆಯ ನಡಿಗೆಯು ಬೇರೊಂದು ರೂಪದಲ್ಲಿ ಮರಳಿತು. ಸಸ್ಯಶಾಸ್ತ್ರಜ್ಞರಾದ ಬಿ.ಜಿ.ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕರೆದುಕೊಂಡು ಪಶ್ಚಿಮಘಟ್ಟದ ಕಾಡುಗಳಲ್ಲಿ ಸುತ್ತಿದ ಅನುಭವದಿಂದ ‘ಹಸುರು ಹೊನ್ನು’ ಹುಟ್ಟಿತು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಗಿಡವನ್ನು ಬಲ್ಲವನು ಬಲ್ಲದವರನ್ನು ಸಂಗಡ ಕರೆದೊಯ್ದು, ನಗಿಸುತ್ತ ನಡೆಸುತ್ತ ಕಲಿಸಿದ ಈ ಗ್ರಂಥವು ಘಟ್ಟದ ಹಳೆಯ ಸಂಪ್ರದಾಯಕ್ಕೆ ಹೊಸ ವಿದ್ಯೆಯನ್ನು ಬೆಸೆದಿದೆ. ಆದರೆ ಎಲ್ಲ ಹೊಸಬರಿಗೂ ಇಂಥ ಒಡನಾಡಿ ದೊರೆಯುವದಿಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಒಮ್ಮೆಗೇ ಜನಸಂದಣಿ ಮಿತಿಮೀರಿ ಸೇರಿದ್ದರಿಂದ ಸರಕಾರವು ಚಾರಣಕ್ಕೆ ನಿರ್ಬಂಧ ಹಾಕಬೇಕಾಯಿತು. ಜನರು ಗುಂಪಾಗಿ ಬಂದಿದ್ದರು. ಆದರೆ ಗುಂಪೆಲ್ಲವೂ ಮೇಳವಾಗುವದಿಲ್ಲ.

ಇದರಲ್ಲಿ ಬರಿಯ ಶಿಸ್ತಿನ ಮಾತಿಲ್ಲ, ಪ್ರಾಣದ ಮಾತೂ ಇದೆ. 1957ರಲ್ಲಿ ಬನವಾಸಿಗೆ ನೆರೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದು, ಮನುಷ್ಯರಿಗೂ ಜ್ವರ ತಗಲಿ, ಹೊಸ ರೋಗವೊಂದು ಗೊತ್ತಾಯಿತು. ಮಂಗನ ಕಾಯಿಲೆಯೆಂದು ಹೆಸರಾದ ಇದು ಉಣುಗುಗಳಿಂದ ಹರಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಸಿದ್ದಾಪುರ ತಾಲೂಕಿನಲ್ಲಿಯೂ ಜನರನ್ನು ಬಲಿ ತೆಗೆದುಕೊಂಡಿದೆ. ಅದು ಹೆಚ್ಚುವದು ಮಳೆ ನಿಂತ ಒಣ ತಿಂಗಳುಗಳಲ್ಲಿ, ಎಂದರೆ ಚಾರಣಕ್ಕೆ ಅನುಕೂಲವೆಂದು ಎಲ್ಲರೂ ಹೊರಡುವ ತಿಂಗಳುಗಳಲ್ಲಿಯೇ. ದಾರಿಯಲ್ಲಿ ಸತ್ತ ಮಂಗ ಕಂಡರೆ ಊರವನು ಅಲ್ಲಿಂದಲೇ ಹಿಂತಿರುಗಿ ಸುದ್ದಿ ಮುಟ್ಟಿಸುವನು. ದೂರದಿಂದ ಬಂದ ಹೊಸಬನು ಸುತ್ತಲಿನ ತರಗೆಲೆಗಳ ಮೇಲೆಯೇ ಹಾಸಿಗೆ ಬಿಡಿಸುವನು. ಈ ಅಂತರವನ್ನು ಬೆಲೆಯುಳ್ಳ ಗುಡಾರವಾಗಲಿ ಚೀಲವಾಗಲಿ ತುಂಬಲಾರದು. ಬಲ್ಲವನ ಒಂದು ಮಾತು ತುಂಬಬಲ್ಲದು.

ಕಾಡಿನ ಕಡೆಯಿಂದ ನೋಡಿದರೂ ಇದೇ ಸಂಗತಿ. ಅಘನಾಶಿನಿಯ ಮತ್ತು ಬೇಡ್ತಿಯ ಕಣಿವೆಗಳನ್ನು 2011ರಲ್ಲಿ ಸಂರಕ್ಷಿತ ಪ್ರದೇಶಗಳೆಂದು ಸಾರಲಾಯಿತು. ಅಘನಾಶಿನಿಯ ಕಾಡು ಸಿಂಗಳೀಕಗಳ ನೆಲೆ. ಹಳೆಯ ಪಯಣಿಗನು ಅದೇ ಬಯಲಿಗೆ ಮುಂದಿನ ಸುಗ್ಗಿಗೂ ಬರಬೇಕಾಗಿದ್ದುದರಿಂದ ಅದರ ನೀರನ್ನು ಕೆಡಿಸುತ್ತಿರಲಿಲ್ಲ, ಬೆಂಕಿಯನ್ನು ಆರಿಸದೆ ಬಿಡುತ್ತಿರಲಿಲ್ಲ. ಒಮ್ಮೆ ಮಾತ್ರ ಬಂದು ಹೋಗುವವನಿಗೆ ಆ ಹಂಗಿಲ್ಲ. ಆದುದರಿಂದ ಅರಣ್ಯ ಇಲಾಖೆಯ ಅಪ್ಪಣೆ ಪಡೆದು ಹೋಗುವದೆಂಬ ಇಂದಿನ ನಿಯಮವು, ಹಿಂದೆ ಊರಿನ ಹಿರಿಯನು ಹೇಳುತ್ತಿದ್ದ ಮಾತಿನ ಸ್ಥಾನದಲ್ಲಿ ನಿಂತಿದೆಯೆನ್ನಬಹುದು.

ಗೆಳೆಯನನ್ನು ಮೊದಲ ಸಲ ಮಲೆಗೆ ಕರೆದೊಯ್ಯುವವರು ಈ ಇತಿಹಾಸದಿಂದ ಎತ್ತಿಕೊಳ್ಳಬೇಕಾದುದು ಬಹಳವಿಲ್ಲ. ಮಜಲು ಚಿಕ್ಕದಿರಲಿ, ಹೊರೆ ಹಗುರಿರಲಿ, ನಡಿಗೆಯು ಎಲ್ಲರಿಗಿಂತ ನಿಧಾನದವನದಾಗಿರಲಿ, ಹೊತ್ತು ಮುಳುಗುವ ಮೊದಲೇ ನೀರಿನ ಬಳಿ ಸೇರಿರಲಿ, ಆ ಊರಿನವನೊಬ್ಬನು ಸಂಗಡವಿರಲಿ. ಮೊದಲ ಇರುಳು ಸುಖವಾಗಿ ಕಳೆದವನು ಎರಡನೆಯ ಸಲ ತಾನೇ ಬರುವನು, ಮೂರನೆಯ ಸಲ ಇನ್ನೊಬ್ಬನನ್ನು ಕರೆತರುವನು. ಬನವಾಸಿ ನಾಡಿನ ಘಟ್ಟದ ಹಾದಿಗಳು ಇಷ್ಟು ಶತಮಾನಗಳ ತನಕ ಸವೆದದ್ದೂ ಉಳಿದದ್ದೂ ಹೀಗೆಯೇ.