ಬಾನ್ಸ್ಕಾ ಶ್ಟ್ಯಾವ್ನಿತ್ಸಾ: ಬೆಳ್ಳಿಯ ಅದಿರು ಬೆಳೆಸಿದ ಊರು

ಮಧ್ಯ ಸ್ಲೊವಾಕಿಯಾದ ಈ ಊರು, ಲಕ್ಷಾಂತರ ವರ್ಷಗಳ ಹಿಂದೆಯೇ ತಣ್ಣಗಾದ ಜ್ವಾಲಾಮುಖಿಯ ಕುಸಿದ ಬಾಯಿಯೊಳಗೆ, ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಳಿಜಾರು ಕಡಿದಾಗಿದೆ, ದೊಡ್ಡ ನದಿಯಿಲ್ಲ. ಇಂಥಲ್ಲಿ ದೊಡ್ಡ ಊರು ಬೆಳೆಯದೆಂದು ಯಾರಿಗಾದರೂ ಅನ್ನಿಸೀತು. ಆದರೆ ಆ ಜ್ವಾಲಾಮುಖಿಯೇ ಬಂಡೆಯ ಬಿರುಕುಗಳಲ್ಲಿ ಬೆಳ್ಳಿ, ಬಂಗಾರಗಳ ಅದಿರನ್ನು ಬಿಟ್ಟುಹೋಗಿತ್ತು. ಅದನ್ನು ಅರಸಿ 13ನೇ ಶತಮಾನದಲ್ಲಿ ಜರ್ಮನ್ ಗಣಿಗಾರರೂ ಬಂದು ನೆಲೆಸಿದರು. ಗಣಿಗೆ ನುಗ್ಗುವ ನೀರನ್ನು ಎತ್ತುವ ಯಂತ್ರಗಳಿಗೂ ನೀರಿನ ಬಲವೇ ಬೇಕಿತ್ತು. ನದಿಯಿಲ್ಲದ ಕೊರತೆಯನ್ನು 18ನೇ ಶತಮಾನದ ಎಂಜಿನಿಯರುಗಳು ಮಳೆನೀರು ಹಿಡಿಯುವ ಕೆರೆಗಳನ್ನೂ ಕಾಲುವೆಗಳನ್ನೂ ಕಟ್ಟಿ ನೀಗಿಸಿದರು. 1782ರ ಜನಗಣತಿಯ ಹೊತ್ತಿಗೆ ಇದು, ಈ ಪ್ರದೇಶ ಆಗ ಸೇರಿದ್ದ ಹಂಗೇರಿ ರಾಜ್ಯದಲ್ಲೇ ಮೂರನೆಯ ದೊಡ್ಡ ನಗರವಾಗಿತ್ತು.

ಇಂದು ಇಲ್ಲಿರುವವರು ಸುಮಾರು 10,000 ಮಂದಿ. ಅದಿರು ಬರಿದಾದಂತೆ ಜನ ಚದುರಿದ್ದು ನಿಜ. ಹಾಗೆಂದು ಇದನ್ನು ಅಳಿದ ಊರೆನ್ನಲಾಗದು. ಬೆಳೆಯುವ ನಗರಗಳು ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತವೆ; ಆ ಒತ್ತಡ ಇಲ್ಲಿ ಕಡಿಮೆಯಿತ್ತು. ಉಳಿದುಬಂದ ಊರನ್ನೂ ಸುತ್ತಲಿನ ಗಣಿ, ಕೆರೆಗಳನ್ನೂ ಯುನೆಸ್ಕೊ 1993ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬೀದಿಗಳನ್ನು ಗಮನಿಸಿ: ಅವು ನೇರವಾಗಿ ಸಾಗದೆ ಗುಡ್ಡದ ಮೈಗೆ ಹೊಂದಿಕೊಂಡು ತಿರುಗುತ್ತವೆ. ಸಮತಟ್ಟು ನೆಲಕ್ಕಿಂತ ಅದಿರಿನ ಸಾಮೀಪ್ಯವೇ ಇಲ್ಲಿನವರಿಗೆ ಮುಖ್ಯವಾಗಿತ್ತೆಂಬುದಕ್ಕೆ ಅವೇ ಸಾಕ್ಷಿ.